ಮೊದಲ ನೀರಿನ ಮುಂದೆ ಸೈಕಲ್

“ಯವ್ವಾ, ಭತ್ತ ಎತ್ತು, ಜಲ್ದಿ! ನೀರು ಬರಾಕ ಹತ್ತೈತಿ!” ಎಂದು ದಂಡೆಯ ಮೇಲಿಂದ ಕೂಗಿದೆ. ಬೇಸಿಗೆಯಿಡೀ ಬತ್ತಿದ್ದ ಕಾಲುವೆಯ ತಳದಲ್ಲಿ ಗೋಣಿತಾಟು ಹಾಸಿ ಭತ್ತ ಒಣಗಿಸುತ್ತಿದ್ದ ಹೆಂಗಸು ತಲೆ ಎತ್ತಿ ನಕ್ಕಳು.

“ಹಿಂಗ ಹೆದರಿಸಿ ಅರ್ಧ ರೇಟಿಗೆ ಕೇಳಾಕ ಬಂದಿ ಏನು, ಸಾವ್ಕಾರ? ಇದು ಬಿತ್ತೋ ಭತ್ತ. ಮಾರೋದಲ್ಲ, ಹೋಗು!”

ಭತ್ತದ ವ್ಯಾಪಾರಿಯಾದ ನನ್ನ ಚೌಕಾಶಿ ಕಂಪ್ಲಿಯವರೆಗೂ ಹೆಸರುವಾಸಿ. ಆದರೆ ಆ ದಿನ ವ್ಯಾಪಾರಕ್ಕೆ ಹೊರಟಿರಲಿಲ್ಲ. ಅಣೆಕಟ್ಟಿನಿಂದ ಕಾಲುವೆಗೆ ವರ್ಷದ ಮೊದಲ ನೀರು ಬಿಟ್ಟಾಗ ಹೊಸಪೇಟೆಯಿಂದ ಅದರ ಜೊತೆಜೊತೆಗೇ ದಂಡೆಯ ಮೇಲೆ, ಹಂಪಿಯ ಕಲ್ಲುಮಂಟಪಗಳನ್ನು ನೋಡುತ್ತಾ ನಿಧಾನಕ್ಕೆ ಸೈಕಲ್ ತುಳಿಯುವುದು ನನ್ನ ಖುಷಿ.

ಸೈಕಲ್ ಬಿಸಾಡಿ ಕೆಳಗೆ ಜಿಗಿದೆ. ಅಷ್ಟರಲ್ಲಿ ನೊರೆ, ತರಗೆಲೆ, ಮುಳ್ಳುಕಂಟಿಗಳನ್ನು ತಳ್ಳಿಕೊಂಡು ಕೆಂಪು ನೀರು ತಿರುವಿನಲ್ಲಿ ಕಾಣಿಸಿತು.

“ಅಯ್ಯಯ್ಯೋ, ಖರೇನ ಬಂತಲ್ಲೋ! ಹಿಡಿ ಆ ಕಡೆ!”

ತಾಟಿನ ಮೂಲೆಗಳನ್ನು ಕೂಡಿಸಿ ಇಬ್ಬರೂ ದಂಡೆಗೆ ಎಳೆದೆವು. ನನ್ನ ಒಂದು ಚಪ್ಪಲಿ ನೀರುಪಾಲಾಯಿತು. ಅವಳ ಬಿತ್ತನೆ ಉಳಿಯಿತು. ಏದುಸಿರಿನಲ್ಲೇ ಅವಳು ಒಂದು ಹಿಡಿ ಭತ್ತವನ್ನು ಹೊಸ ನೀರಿಗೆ ಬಿಟ್ಟು ಕೈಮುಗಿದಳು. ಆಮೇಲೆ ನನ್ನತ್ತ ತಿರುಗಿ, “ಸುಗ್ಗಿಗೆ ಬಾ. ರೇಟು ಮಾತ್ರ ನಾ ಹೇಳಿದ್ದ!” ಎಂದಳು.

ನೀವೂ ಒಮ್ಮೆ ಮೊದಲ ನೀರಿನ ಜೊತೆ ಸೈಕಲ್ ತುಳಿದು ನೋಡಿ, ಬಹಳ ಮಜಾ. ಆದರೆ ನೀರಿಗಿಂತ ಸ್ವಲ್ಪ ಮುಂದಿರಿ, ಬೆಲ್ ಬಾರಿಸುತ್ತಲೇ ಇರಿ. ಈಗ ನನ್ನ ಬೆಲ್ ಕೇಳಿದರೆ ಕಾಲುವೆಯೊಳಗಿನವರು ಮೊದಲು ಭತ್ತ ಎತ್ತುತ್ತಾರೆ, ಆಮೇಲೆ ನನ್ನನ್ನು ಬೈಯುತ್ತಾರೆ.