ದಸ್ತಗೀರ ಕಾಕಾನ ಕಿವಿ

ಹೊಸ ಕಾರಿನ ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ಕಿನ ವಾಸನೆ ನಿಮಗೂ ಗೊತ್ತಿರಬೇಕು. ಎರಡು ದಿನದಿಂದ ನಮ್ಮ ಅಂಗಳದ ತುಂಬ ಅದೇ. ಕಸ ಹೊಡೆಯಲು ಹೋದರೂ ಅದೇ, ತುಳಸಿಗೆ ನೀರು ಹಾಕಲು ಹೋದರೂ ಅದೇ. ಕರೆಂಟಿನ ಕಾರು ನೋಡ್ರಿ. ಹೊಗೆಯಿಲ್ಲ, ಎಣ್ಣೆಯ ಜಿಡ್ಡಿಲ್ಲ, ಸಪ್ಪಳವಂತೂ ಇಲ್ಲವೇ ಇಲ್ಲ. ಖುಷಿಯಿಂದ ಊರೆಲ್ಲ ಸುತ್ತಬೇಕಾದ ನಾನು ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಯ ಒಳಗೂ ಹೊರಗೂ ತಿರುಗುತ್ತಿದ್ದೇನೆ. ಆ ಪ್ಲಾಸ್ಟಿಕ್ ತೆಗೆಯಲೂ ಕೈ ಬರುತ್ತಿಲ್ಲ. ಕಾರಣ ಇಷ್ಟೇ, ಕಾರನ್ನು ದಸ್ತಗೀರ ಕಾಕಾನಿಗೆ ಇನ್ನೂ ತೋರಿಸಿಲ್ಲ.

ಉಳಿದವರಿಗೆಲ್ಲ ತೋರಿಸಿ ಆಯಿತು, ಅಂದರೆ ಅವರೇ ಬಂದು ನೋಡಿದರು. ಎದುರುಮನೆ ಶಾಂತಕ್ಕ ಎರಡು ಮಾರು ದೂರದಲ್ಲೇ ನಿಂತು, "ಮಳಿಯಾಗ ಮುಟ್ಟಿದ್ರ ಶಾಕ್ ಹೊಡಿಯಂಗಿಲ್ಲೇನ್ರಿ?" ಎಂದು ಕೇಳಿದರು. ನಾನು ಕಲಿಸುವುದು ಸಂಪಗಾಂವದ ಸಾಲಿಯಲ್ಲಿ. ಅಲ್ಲಿನ ಮಾಸ್ತರರದ್ದು ಒಂದೇ ಪ್ರಶ್ನೆ: "ಸವದತ್ತಿ ಗುಡ್ಡ ಏರತೈತೇನ್ರಿ ಇದು?" ನಮ್ಮ ಕಡೆ ಗಾಡಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಕಿತ್ತೂರಿನಿಂದ ನಾದಿನಿ ಫೋನು ಮಾಡಿ, ಬ್ಯಾಟರಿ ಕೆಟ್ಟರೆ ಹೊಲ ಮಾರಬೇಕಾಗುತ್ತದಂತೆ ಎಂದು ಹೆದರಿಸಿದಳು. ನಮಗೆ ಹೊಲವೇ ಇಲ್ಲ ಎಂದೆ. "ಹಂಗಾದ್ರ ಇನ್ನೂ ಕಷ್ಟ" ಎಂದಳು.

ಇನ್ನು ನಮ್ಮ ಯಜಮಾನರು. ಕರೆಂಟಿನ ಕಾರೇ ಬೇಕೆಂದು ಆರು ತಿಂಗಳಿಂದ ಜೀವ ತಿಂದವರು ಅವರೇ. ಸಿಲಿಂಡರ್ ಏರಿತು, ಅಡಿಗೆ ಎಣ್ಣೆ ಏರಿತು, ತೊಗರಿಬ್ಯಾಳಿ ಏರಿತು, ಇಳಿಸಬಹುದಾದದ್ದು ನಿನ್ನ ಪೆಟ್ರೋಲ್ ಒಂದೇ ಎನ್ನುತ್ತಿದ್ದರು. ಈಗ ಕಾರು ಚಾರ್ಜಿಗೆ ಹಾಕಿದ ಕೂಡಲೇ ಮನೆಯ ಫ್ಯಾನು ಬಂದ್ ಮಾಡಿ ಮೀಟರಿನ ಮುಂದೆ ನಿಲ್ಲುತ್ತಾರೆ. ಬೆವರು ಒರೆಸಿಕೊಳ್ಳುತ್ತ ಮಾಡುವ ಈ ಉಳಿತಾಯ ಯಾರಿಗೆ ಬೇಕಿತ್ತು, ನೀವೇ ಹೇಳ್ರಿ!

ಇರಲಿ, ಕಾಕಾನ ಮಾತು ಎಲ್ಲೋ ಹೋಯಿತು. ಬೈಲಹೊಂಗಲದಲ್ಲಿ ನಮ್ಮ ಓಣಿಯ ಹಿಂದಿನ ಓಣಿ ಅವನದು. ನಲವತ್ತು ವರ್ಷ ಡ್ರೈವರಿಕೆ ಮಾಡಿದವ. ನನಗೆ ಗಾಡಿ ಕಲಿಸಿದವನೂ ಅವನೇ. ಕ್ಲಚ್ ಬಿಟ್ಟಾಗ ಗಾಡಿ ಜಿಗಿದರೆ, "ಅದಕ್ಕೂ ಜೀವ ಐತೆವ್ವಾ, ಸಾವಕಾಶ" ಎನ್ನುತ್ತಿದ್ದ. ನಮ್ಮ ಸುತ್ತಿನ ಓಣಿಗಳಲ್ಲಿ ಯಾರು ಗಾಡಿ ಕೊಂಡರೂ, ಹಳೆಯದಿರಲಿ ಹೊಸದಿರಲಿ, ಮೊದಲು ಕಾಕಾ ಅದಕ್ಕೆ ಕಿವಿ ಕೊಡಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಸುತ್ತ ನೆರೆದವರು ಕೆಮ್ಮುವಂತಿರಲಿಲ್ಲ. ಆಮೇಲೆ ಒಂದೇ ಮಾತು. "ತೊಗೋರಿ", ಇಲ್ಲವೇ "ಬ್ಯಾಡ್ರಿ". "ತೊಗೋರಿ" ಎಂದ ಮೇಲೆಯೇ ಇಸಾರ ಎಂದು ಮುಂಗಡ ಕೊಡುವುದು, ಪೂಜೆ ಮಾಡುವುದು, ಪೇಡೆ ಹಂಚುವುದು.

ನಮ್ಮಪ್ಪ ಒಮ್ಮೆ ಈ ಪದ್ಧತಿ ಮುರಿದಿದ್ದ. ಅಪ್ಪನದು ಬೀಜ-ಗೊಬ್ಬರದ ಅಂಗಡಿ, ಮಾತಿಗಿಂತ ಅವಸರ ಹೆಚ್ಚು. ರಾಮದುರ್ಗದಲ್ಲಿ ಒಂದು ಹಳೆಯ ಜೀಪು ನೋಡಿದವನೇ ಇಸಾರ ಕೊಟ್ಟು, ಆಮೇಲೆ ಶಾಸ್ತ್ರಕ್ಕೆಂದು ಕಾಕಾನನ್ನು ಕರೆದುಕೊಂಡು ಹೋದ. ಕಾಕಾ ಕಿವಿಗೊಟ್ಟು, ಮಾರುವವನ ಎದುರೇ, "ಬ್ಯಾಡ್ರಿ ಸಾವಕಾರ್ರ" ಎಂದ. ಅಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. "ಇವಂದೇನ್ ಕೇಳೂದು" ಎಂದು ಜೀಪು ತಂದೇಬಿಟ್ಟ.

ಅದೇ ತಿಂಗಳು ಎಲ್ಲಮ್ಮನಿಗೆ ಪಡ್ಡಲಗಿ ತುಂಬಿಸಲು, ಅಂದರೆ ದೇವಿಗೆ ಎಡೆ ಕೊಡಲು, ಮನೆಮಂದಿಯೆಲ್ಲ ಆ ಜೀಪಿನಲ್ಲಿ ಸವದತ್ತಿ ಗುಡ್ಡಕ್ಕೆ ಹೊರಟೆವು. ಅರ್ಧ ಗುಡ್ಡಕ್ಕೆ ಜೀಪು ಕೈಯೆತ್ತಿತು. ಹೋಳಿಗೆಯ ಬುಟ್ಟಿ ತಲೆಯ ಮೇಲೆ ಹೊತ್ತು ಅವ್ವ, ಹಿಂದಿನಿಂದ ನೂಕುತ್ತ ನಾವು, ಎಲ್ಲರನ್ನೂ ಬೈಯುತ್ತ ಅಪ್ಪ! ಸುದ್ದಿ ಮುಟ್ಟಿ ಕಾಕಾ ಹಗ್ಗ ತೆಗೆದುಕೊಂಡು ಇನ್ನೊಂದು ಗಾಡಿ ತಂದ. ನಾ ಹೇಳಿರಲಿಲ್ಲೇನು ಎಂಬ ಮಾತು ಈಗ ಬರುತ್ತದೆ, ಇನ್ನೊಂದು ಕ್ಷಣಕ್ಕೆ ಬರುತ್ತದೆ ಎಂದು ಅಪ್ಪ ಕಾಯುತ್ತ ನಿಂತಿದ್ದ. ಕಾಕಾ ಕೇಳಿದ್ದು ಒಂದೇ, "ಚಾ ಕುಡದೀರಿಲ್ಲೋ ಸಾವಕಾರ್ರ?" ಅವತ್ತಿನಿಂದ ಕಾಕಾನ ಕಿವಿ ಬೀಳದೆ ನಮ್ಮ ಮನೆಯವರು ಯಾರೂ ಇಸಾರ ಕೊಟ್ಟಿಲ್ಲ.

ನಾನು ಕೊಟ್ಟೆ. ಶೋರೂಮಿನವರು ಇವತ್ತೇ ಕಡೆಯ ದಿನ, ನಾಳೆ ಈ ದರ ಇಲ್ಲ ಎಂದರು. ಫೋನಿನಲ್ಲಿ ಬೆರಳು ಒತ್ತಿದೆ, ಮುಗಿಯಿತು. ಅಪ್ಪನ ಮಗಳೇ ಹೌದು.

ಆದರೆ ನಿಜವಾದ ಸಂಕಟ ಬೇರೆ. ರಂಜಾನ್ ಹಬ್ಬಕ್ಕೆ ಸುರಕುಂಬಾ, ಅವರ ಶಾವಿಗೆ ಪಾಯಸ, ಕೊಡಲು ಬಂದಾಗ ಕಾಕಾನ ಹೆಂಡತಿ, ನಮ್ಮ ಚಾಚಿ, ಬಾಗಿಲ ಮರೆಗೆ ಕರೆದು ಹೇಳಿದ್ದಳು: "ಕಿವಿ ಮಂದ ಆಗ್ಯಾವವ್ವಾ. ಯಾರ ಮುಂದೂ ಹೇಳಬ್ಯಾಡ. ಗಾಡಿ ತೋರಸಾಕ ಬರೂದನ್ನ ಮಂದಿ ಬಿಟ್ರ ಈತ ಸೊರಗತಾನ." ಈಗ ಹೇಳ್ರಿ, ಕಿವಿ ಮಂದವಾದವನ ಮುಂದೆ ಸಪ್ಪಳವಿಲ್ಲದ ಗಾಡಿ ಹೇಗೆ ಒಯ್ಯಲಿ? ಒಯ್ಯದಿದ್ದರೆ ಅವನನ್ನು ಮರೆತಂತೆ, ಒಯ್ದರೆ ಅವನ ಮಾನವನ್ನು ನಾನೇ ಬೀದಿಗೆ ತಂದಂತೆ.

ಇಲ್ಲಿಯತನಕ ಬರೆದು ಪೆನ್ನು ಮುಚ್ಚಿದೆ. ಕೂತಲ್ಲಿ ಕೂರಲಾಗಲಿಲ್ಲ. ಕೀಲಿ ತೆಗೆದುಕೊಂಡು ಹೋಗಿಯೇಬಿಟ್ಟೆ. ಈಗ ತಿರುಗಿ ಬಂದು ಮುಂದಿನದನ್ನು ಬರೆಯುತ್ತಿದ್ದೇನೆ.

ಕಾಕಾ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಎದುರಿಗೆ ಹೋಗಿ ನಿಂತಾಗಲೇ ಅವನು ಕಾರು ನೋಡಿದ್ದು. "ಯಾವಾಗ ಬಂದೆವ್ವಾ?" ಎಂದ.

"ತಪ್ಪಾತು ಕಾಕಾ" ಎಂದು ಜೋರಾಗಿ ಹೇಳಿದೆ. "ನಿನ್ನ ಕೇಳದ ರೊಕ್ಕಾ ಕೊಟ್ಟಬಿಟ್ಟೆ."

ಅವನು ಬೈಯಲಿಲ್ಲ. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟ ಸ್ಕ್ರೂಡ್ರೈವರ್ ತಂದ. "ಬಾನೆಟ್ ತಗಿ. ಚಾಲೂ ಮಾಡು."

"ಚಾಲೂ ಐತಿ ಕಾಕಾ."

ಬಲಗಿವಿಗೆ ಇಟ್ಟುಕೊಂಡ, ಕಣ್ಣು ಮುಚ್ಚಿದ. ಎಡಗಿವಿಗೆ ಇಟ್ಟುಕೊಂಡ. ಮತ್ತೆ ಬಲಗಿವಿಗೆ. ಕಣ್ಣು ತೆರೆದ. "ಪೂರಾ ಹೋತೇನವ್ವಾ?" ಎಂದ ಮೆಲ್ಲಗೆ. ಅವನು ಕೇಳಿದ್ದು ಕಾರಿನ ಬಗ್ಗೆ ಅಲ್ಲ, ತನ್ನ ಕಿವಿಯ ಬಗ್ಗೆ.

"ಇಲ್ಲ ಕಾಕಾ, ಈ ಗಾಡಿಗೇ ಸಪ್ಪಳಿಲ್ಲ! ಯಾರಿಗೂ ಕೇಳಸಂಗಿಲ್ಲ."

"ಸಮಾಧಾನ ಹೇಳಬ್ಯಾಡ." ಬಾಗಿಲ ಕಡೆ ತಿರುಗಿ ಚಾಚಿಯನ್ನು ಕೂಗಿದ, ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟ. "ಖರೇ ಹೇಳು, ಏನರೆ ಕೇಳಸತೈತೇನು?"

ಚಾಚಿ ಸೆರಗು ಸರಿಸಿ ಕಿವಿಗಿಟ್ಟುಕೊಂಡಳು. ಕಾಕಾ ಅವಳ ಮುಖವನ್ನೇ ನೋಡುತ್ತಿದ್ದ. "ಏನೂ ಇಲ್ಲ. ನಮ್ಮ ಫ್ರಿಜ್ಜ ಇದಕ್ಕಿಂತ ಜಾಸ್ತಿ ಒದರತೈತಿ" ಎಂದಳು.

ಕಾಕಾ ನಕ್ಕ. ಕೆಮ್ಮು ಬರುವತನಕ ನಕ್ಕ, ಟವೆಲಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ನಗು ತಾನಾಗಿ ನಿಂತಿತು. "ಹಂಗಾದ್ರ ಇನ್ನ ನನ್ನ ಕಿವಿ ಯಾರಿಗೂ ಬೇಕಾಗಂಗಿಲ್ಲ ಬಿಡವ್ವಾ" ಎಂದ.

ಕಾರಿನ ಮೇಲೆ, ಶೋರೂಮಿನ ಮೇಲೆ, ನನ್ನ ಬೆರಳಿನ ಮೇಲೆ ಸಿಟ್ಟು ಬಂತು. "ಬಾ ಕಾಕಾ, ಒಂದ ಸುತ್ತ ಹಾಕೂಣು" ಎಂದು ಬಾಗಿಲು ತೆರೆದೆ.

ಸಂಪಗಾಂವದ ದಾರಿ ಹಿಡಿದೆ. ಕಾಕಾ ಪಕ್ಕದಲ್ಲಿ ಚಪ್ಪಲಿ ಕಳಚಿ ಬರಿ ಅಂಗಾಲು ಕೆಳಗೂರಿ ಕೂತ. ಎರಡು ಮೈಲಿ ಹೋದ ಮೇಲೆ ಅಂಗಾಲನ್ನು ಇನ್ನೊಮ್ಮೆ ಒತ್ತಿ, "ಎಡಗಡೆ ಮುಂದಿನ ಗಾಲಿಗೆ ಹವಾ ಕಮ್ಮಿ ಐತಿ" ಎಂದ. ನಾನು ಪೆಟ್ರೋಲ್ ಪಂಪಿಗೆ ತಿರುಗಿಸಿದೆ. "ಎಷ್ಟರದ ಹಾಕೂದ್ರಿ ಅಕ್ಕಾರ?" ಎಂದು ಪಂಪಿನವನು ಬಂದ. ಹವಾ ಎಂದಾಗ ಅವನಿಗೆ ನಗು ತಡೆಯಲಾಗಲಿಲ್ಲ. ನಾಲ್ಕೂ ಗಾಲಿ ನೋಡಿ, "ಇದೊಂದಕ್ಕ ಆರು ಪಾಯಿಂಟ ಹವಾ ಕಮ್ಮಿ ಐತ್ರಿ" ಎಂದ. ಅದೇ ಗಾಲಿ! ನಾನು ಸಂಭ್ರಮದಿಂದ ಕಾಕಾನ ಕಿವಿಯಲ್ಲಿ ಕೂಗಿ ಹೇಳಿದೆ.

"ನನಗ ಗೊತ್ತೈತಿ, ಒದರಬ್ಯಾಡ" ಎಂದ.

ಮನೆಯ ಮುಂದೆ ಇಳಿದವನು ಬಾಗಿಲು ಹಾಕಿ, ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಎಂದಿನ ಹಾಗೆ ಒಂದೇ ಮಾತು.

"ತೊಗೊ."

ಅಂಗಳಕ್ಕೆ ಬಂದವಳೇ ಸೀಟಿನ ಪ್ಲಾಸ್ಟಿಕ್ ಪರಪರ ಹರಿದೆ. ಸಪ್ಪಳಕ್ಕೆ ಯಜಮಾನರು ಓಡಿ ಬಂದು, "ಏನಾತು?" ಎಂದರು.

"ಪೇಡೆ ತರ್ರಿ" ಎಂದೆ. "ಕಾರ್ ತೊಗೊಂಡೇನಿ."