ಗಾಜಿನಂಗಡಿ ಮಾವನ ಸಿಟ್ಟು

ನಮ್ಮ ಮಾವ ಪ್ರಾರ್ಥನೆಗೆ ಮುಂಚೆ ಕೆಮ್ಮುತ್ತಾರೆ. ನೆಗಡಿಯಲ್ಲ, ಗಂಟಲು ಕಟ್ಟಿರುವುದೂ ಅಲ್ಲ. ಅವರಿಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ಪ್ರಾರ್ಥನೆಗೆ ಮುಂಚೆ ಕೆಮ್ಮುತ್ತಿದ್ದರಂತೆ, ಅದಕ್ಕೆ. ಬೆಳಿಗ್ಗೆ ಅಂಗಡಿಯ ಶಟರನ್ನು ಅರ್ಧ ಎತ್ತಿ ಒಳಗೆ ನುಸುಳುತ್ತೇವೆ. ಗಾಜು ಕೊಯ್ಯುವ ಉದ್ದ ಮೇಜಿನ ಪಕ್ಕ ಮಾವ ಮಂಡಿಯೂರುತ್ತಾರೆ, ಕೆಮ್ಮುತ್ತಾರೆ, ಆಮೇಲೆ "ಕರ್ತನೇ, ಇವತ್ತೂ ಈ ಕೈಗಳನ್ನ ನೀನೇ ನಡೆಸು" ಅನ್ನುತ್ತಾರೆ. ಪಕ್ಕದಲ್ಲಿ ನಾನೂ ಮಂಡಿಯೂರುತ್ತೇನೆ. ಈಚೆಗೆ ನನಗೂ ಕೆಮ್ಮು ಬರುತ್ತಿದೆ. ಹೀಗೆ ದೊಡ್ಡ ಮೇಸ್ತ್ರಿಯ ಕೆಮ್ಮು ಮೂರನೇ ತಲೆಮಾರಿಗೆ ದಾಟಿದೆ. ಭಕ್ತಿ ಎಷ್ಟು ದಾಟಿದೆ ಅಂತ ದಯವಿಟ್ಟು ಕೇಳಬೇಡಿ.

ನಾನು ಮಾವನ ಅಕ್ಕನ ಮಗ. ಒಳ್ಳೆಯ ಕೆಲಸ ಸಿಗುವವರೆಗೆ ಇಲ್ಲಿರುತ್ತೇನೆ ಅಂತ ಹೇಳಿ ಈ ಅಂಗಡಿಗೆ ಸೇರಿದವನು. ಒಳ್ಳೆಯ ಕೆಲಸಕ್ಕೆ ನನ್ನ ವಿಳಾಸ ಇನ್ನೂ ಸಿಕ್ಕಿಲ್ಲ. ಮೊದಮೊದಲು ಕನ್ನಡಿ ಹೊರುವಾಗ ಅದರಲ್ಲಿ ನನ್ನದೇ ಮುಖ ನೋಡಿಕೊಂಡು ಹೋಗಿ ಕಂಬಕ್ಕೆ ಡಿಕ್ಕಿ ಹೊಡೆದಿದ್ದೆ. "ಅಳಿಯಂದ್ರೇ, ಕಂಬ ಏನು ಮಾಡಿತ್ತು ನಿಮಗೆ?" ಅಂದಿದ್ದರು ಮಾವ, ಅಷ್ಟೆ. ಬೈಗುಳ ಅನ್ನುವುದು ಆ ಬಾಯಲ್ಲಿ ಹುಟ್ಟುವುದೇ ಇಲ್ಲ.

ಬೈಗುಳ ಬಾರದಿರುವುದೂ ಮೇಸ್ತ್ರಿಯಿಂದಲೇ ಬಂದದ್ದು. ಮಾವ ಹದಿಹರೆಯದಲ್ಲಿ ಅಪ್ಪನನ್ನು ಕಳೆದುಕೊಂಡು, ಯಾರಿಗೂ ಬೇಡವಾಗಿ ಅಲೆಯುತ್ತಿದ್ದಾಗ ಮೇಸ್ತ್ರಿ ಕರೆದು ಊಟ ಹಾಕಿ, ಕೈಗೆ ಗಾಜು ಕೊಯ್ಯುವ ಕಟರ್ ಕೊಟ್ಟರಂತೆ. ಯೇಸುವಿನ ಬಗ್ಗೆ ಅವರು ಒಂದು ಪ್ರಸಂಗವನ್ನೂ ಮಾಡಲಿಲ್ಲ. ಯಾರದಾದರೂ ಕಿಟಕಿಗೆ ಒಂದು ಗಾಜು ಹಾಕಲು ಹೋದರೆ, ಬರುವಾಗ ಆ ಮನೆಯ ಎಲ್ಲ ಗಾಜುಗಳನ್ನೂ ಒರೆಸಿಟ್ಟು ಬರುತ್ತಿದ್ದರು. ಗಾಜು ಒಡೆದ ಸದ್ದು ಕೇಳಿದರೆ ಯಾರು ಒಡೆದದ್ದು ಅಂತ ಕೇಳುತ್ತಿರಲಿಲ್ಲ, ಗಾಯವಾಯಿತಾ ಅಂತ ಕೇಳುತ್ತಿದ್ದರು. ಅಂಗಡಿಗೆ ಚಹಾ ಬಂದರೆ ಮೊದಲ ಲೋಟ ಬೀದಿ ಗುಡಿಸುವ ಹೆಂಗಸಿಗೆ. "ಇವರ ಹಾಗೆ ಬದುಕೋದಾದ್ರೆ ನಾನೂ ಇವರ ಸ್ವಾಮಿಯ ಹಿಂದೆ ಹೋಗ್ತೀನಿ ಅಂತ ಅನ್ನಿಸ್ತು ಕಣೋ," ಅಂತ ಮಾವ ಹೇಳುತ್ತಾರೆ. ಮೇಸ್ತ್ರಿ ತೀರಿಹೋದ ಮೇಲೂ ಮಾವ ಅವರು ನಡೆದ ಹಾಗೇ ನಡೆಯುತ್ತಾ ಬಂದರು. ಒರೆಸುವುದು, ಚಹಾ, ಕೆಮ್ಮು, ಒಂದನ್ನೂ ಬಿಟ್ಟಿಲ್ಲ. ಏನಾದರೂ ಕಷ್ಟ ಬಂದರೆ ಕಣ್ಣು ಮುಚ್ಚಿ, "ಮೇಸ್ತ್ರಿ ಇದ್ದಿದ್ರೆ ಏನು ಮಾಡ್ತಿದ್ರು?" ಅಂತ ತಮಗೆ ತಾವೇ ಕೇಳಿಕೊಳ್ಳುತ್ತಾರೆ. ಉತ್ತರ ಬಂದೇ ಬರುತ್ತದೆ.

ಬಂದ ಉತ್ತರ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದೇ ಸಲ, ಮೀಸೆಯಣ್ಣನ ವಿಷಯದಲ್ಲಿ.

ಮೀಸೆಯಣ್ಣ ನಮ್ಮ ಅಂಗಡಿಯ ಹಳೆಯ ಕೆಲಸಗಾರ, ನಮ್ಮ ಚರ್ಚಿನ ಸಭೆಯವನೇ. ಮುಖಕ್ಕಿಂತ ಮುಂಚೆ ಮೀಸೆ ಅಂಗಡಿಯೊಳಗೆ ಬರುತ್ತಿತ್ತು, ಅದಕ್ಕೇ ಆ ಹೆಸರು. ಒಂದು ದಿನ ಇದ್ದಕ್ಕಿದ್ದಂತೆ ನಮ್ಮನ್ನು ಬಿಟ್ಟು ಎದುರು ಸಾಲಿನ ಹೊಸ ಅಂಗಡಿಗೆ ಸೇರಿದ. ಸೇರಿದ್ದು ಸರಿ, ಅಲ್ಲಿ ಕೂತು ಸುಳ್ಳು ಹಬ್ಬಿಸಿದ: ಮಾವ ಹಳೆಯ ಗಾಜನ್ನು ತಿಕ್ಕಿ ತೊಳೆದು ಹೊಸದು ಅಂತ ಮಾರುತ್ತಾರೆ ಅಂತ. ಆ ಮಾತು ನಮ್ಮ ಸಭೆಗೂ ಮುಟ್ಟಿತು. ಪ್ರಾರ್ಥನಾಮಂದಿರದ ಕಿಟಕಿಗೆ ಮಾವ ಹೊತ್ತು ತಂದ ಗಾಜನ್ನು ಸಭೆಯ ಹಿರಿಯರೊಬ್ಬರು ಎಲ್ಲರ ಮುಂದೆ ಉಗುರಿನಿಂದ ಗೀರಿ, ಬೆಳಕಿಗೆ ಹಿಡಿದು ನೋಡಿದರು. ಮಾವ ಗಾಜನ್ನು ಕಿಟಕಿಗೆ ಕೂರಿಸಿದರು. ಮನೆಗೆ ಬಂದು ಊಟ ಬೇಡ ಅಂದರು.

ಆಮೇಲೆ ಎದುರಿನ ಅಂಗಡಿಯವರು ಯಂತ್ರದಲ್ಲಿ ಕೊಯ್ದ ಗಾಜನ್ನೇ ತರಿಸತೊಡಗಿದರು. ಕೈಯಲ್ಲಿ ಕೊಯ್ಯುವವನು ಬೇಡವಾದ. ಮೀಸೆಯಣ್ಣ ಸುತ್ತಲಿನ ಎಲ್ಲ ಅಂಗಡಿಗಳನ್ನು ಕೇಳಿ ಮುಗಿಸಿ, ಕೊನೆಗೆ ನಮ್ಮ ಬಾಗಿಲಿಗೆ ಬಂದು ನಿಂತ. ಮೀಸೆ ಅವತ್ತು ಮುಖದ ಹಿಂದೆ ಬಂದಿತ್ತು.

ಮಾವನಿಗೆ ಬುತ್ತಿ ಕೊಡಲು ಬಂದಿದ್ದ ಅತ್ತೆಗೆ ಅವನನ್ನು ಕಂಡದ್ದೇ ಸಾಕಾಯಿತು. "ಯಾವ ಮುಖ ಇಟ್ಕೊಂಡು ಬಂದೆಯಪ್ಪಾ? ಆ ಮುಖ ಹಳೇದೋ, ತಿಕ್ಕಿ ತೊಳೆದು ಹೊಸದು ಮಾಡಿದ್ದೋ?"

ಮೀಸೆಯಣ್ಣ ತಲೆ ಎತ್ತಲಿಲ್ಲ. "ಅಣ್ಣಾ, ನಂಗೆ ಬೇರೆ ಕೆಲಸ ಗೊತ್ತಿಲ್ಲ. ಎಲ್ಲೂ ತಗೊಳ್ತಿಲ್ಲ," ಅಂದ.

ಮಾವ ಕಣ್ಣು ಮುಚ್ಚಿದರು. ಮೇಸ್ತ್ರಿಯನ್ನು ಕೇಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಕಣ್ಣು ತೆರೆದು, "ನಾಳೆಯಿಂದ ಬಾ," ಅಂದರು.

ನೋಡಿ, ಇದೇ ಕ್ಷಮೆ ಅಂತ ನಾನು ಅಂದುಕೊಂಡೆ. ಕಣ್ಣು ಕೂಡ ಒದ್ದೆಯಾಯಿತು. ಆದರೆ ಮರುದಿನದಿಂದ ಅಂಗಡಿಯೊಳಗೆ ಚಳಿ ಹೊಕ್ಕಿತು. ಮಾವ ಅವನಿಗೆ ಚಹಾ ಕೊಡುತ್ತಾರೆ, ಸಂಬಳ ಕೊಡುತ್ತಾರೆ, ಪ್ರಾರ್ಥನೆಯಲ್ಲಿ ಅವನಿಗಾಗಿ ಬೇಡುತ್ತಾರೆ. ಮುಖ ನೋಡುವುದಿಲ್ಲ. ಮಾತಿಗೆ ಮಾತು ಕೊಡುವುದಿಲ್ಲ. ಹೇಳುವುದು ಏನಿದ್ದರೂ ನನ್ನ ಮೂಲಕ. ಕಹಿ ಮದ್ದನ್ನು ಮೂಗು ಹಿಡಿದು ಕುಡಿಯುವವರ ಹಾಗೆ ಕ್ಷಮಿಸುತ್ತಿದ್ದರು.

ಬೇರೆ ಕೆಲಸದಲ್ಲಾದರೆ ಇದು ನಡೆದೀತು, ಗಾಜಿನ ಕೆಲಸದಲ್ಲಿ ನಡೆಯುವುದಿಲ್ಲ. ದೊಡ್ಡ ಗಾಜನ್ನು ಇಬ್ಬರು ಹೊರುವಾಗ ಮುಂದಿನವನು ಬಾಯಿ ಮುಚ್ಚಬಾರದು. "ಹಳ್ಳ, ಮೆಟ್ಟಿಲು, ಎಡಕ್ಕೆ, ತಡಿ" ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇರಬೇಕು. ಹಿಂದಿನವನು ತನ್ನ ಕಾಲು ನೋಡದೆ ಆ ಮಾತು ನಂಬಿ ನಡೆಯಬೇಕು.

ಆ ಶನಿವಾರ ಪಕ್ಕದ ಬೀದಿಯ ಕ್ಷೌರದಂಗಡಿಗೆ ಗೋಡೆಯಗಲದ ಕನ್ನಡಿ ಹೊತ್ತಿದ್ದೆವು. ಮುಂದೆ ಮಾವ, ಹಿಂದೆ ಮೀಸೆಯಣ್ಣ, ನಡುವೆ ಕೆಳಗಿನ ಅಂಚಿಗೆ ಕೈಕೊಟ್ಟು ನಾನು.

"ಮೆಟ್ಟಿಲಿದೆ ಅಂತ ಹೇಳು," ಅಂದರು ಮಾವ.

"ಮೀಸೆಯಣ್ಣ, ಮೆಟ್ಟಿಲಂತೆ."

"ಕೇಳಿಸ್ತು ಅಂತ ಹೇಳು."

"ಮಾವ, ಕೇಳಿಸ್ತಂತೆ."

ಕ್ಷೌರದವನು ಬಾಗಿಲಲ್ಲಿ ನಿಂತು ನಮ್ಮ ಮೆರವಣಿಗೆ ನೋಡುತ್ತಿದ್ದ. "ಏನ್ರೀ, ಮೂರೂ ಜನಕ್ಕೆ ಬೇರೆ ಬೇರೆ ಭಾಷೆನಾ?" ಅಂದ.

ಬಾಗಿಲು ಕಿರಿದು. ಮಾವ "ತಡಿ ಅಂತ ಹೇಳು" ಅಂದರು. ನಾನೋ, ಹಿರಿಯನಿಗೆ ತಡಿ ಅಂತ ಹೇಗೆ ಹೇಳುವುದು ಅಂತ, "ಮೀಸೆಯಣ್ಣ, ಮಾವ ಏನು ಹೇಳ್ತಿದ್ದಾರೆ ಅಂದ್ರೆ, ನೀವು ಸ್ವಲ್ಪ..." ಅಂತ ಪೀಠಿಕೆ ಹಾಕಿದೆ. ನನ್ನ ವಿನಯ ಮುಗಿಯುವಷ್ಟರಲ್ಲಿ ಕನ್ನಡಿಯ ಮೂಲೆ ಬಾಗಿಲಿನ ಚೌಕಟ್ಟಿಗೆ ಬಡಿದು ಚಟ್ಟನೆ ಸೀಳಿಹೋಯಿತು.

"ಗಾಯ ಆಯ್ತಾ ಕೇಳು," ಅಂದರು ಮಾವ. ಅದನ್ನೂ ನನಗೇ.

ಕನ್ನಡಿಯನ್ನು ಗೋಡೆಗೆ ಒರಗಿಸಿದ ಮೇಲೆ ಮೀಸೆಯಣ್ಣ ಕೈಗವಸು ಬಿಚ್ಚಿ ಕ್ಷೌರದ ಕುರ್ಚಿಯ ಮೇಲಿಟ್ಟ. "ಬೈರಿ ಅಣ್ಣ. ಒಂದ್ಸಲ ಬಾಯ್ತುಂಬ ಬೈರಿ. ಹೊಡೀರಿ ಬೇಕಾದ್ರೆ. ಈ ಒಳ್ಳೇತನ ನಂಗೆ ತಡಕೊಳ್ಳೋಕಾಗ್ತಿಲ್ಲ. ನಿಮ್ಮ ಪ್ರಾರ್ಥನೇಲಿ ನನ್ನ ಹೆಸರು ಬಂದಾಗ ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ. ನಾನು ಬರಲ್ಲ ಇನ್ಮೇಲೆ."

"ನಾನು ಕ್ಷಮಿಸಿದೀನಿ," ಅಂದರು ಮಾವ, ಕನ್ನಡಿಗೆ.

ಅವನು ಹೊರಟೇ ಹೋದ. ಹೋದರೆ ಅವನಿಗೆ ಬೇರೆ ಬಾಗಿಲಿಲ್ಲ ಅಂತ ಮಾವನಿಗೂ ಗೊತ್ತು, ನನಗೂ ಗೊತ್ತು.

ಭಾನುವಾರ ಸಭೆಯಲ್ಲಿ ಮೀಸೆಯಣ್ಣ ಕಾಣಲಿಲ್ಲ. ಆರಾಧನೆ ಮುಗಿಸಿ ಮಾವ ಎಂದಿನಂತೆ ಮೇಸ್ತ್ರಿಯ ಹೆಂಡತಿಯ ಮನೆಗೆ ಹೋದರು, ಜೊತೆಗೆ ನಾನು. ಆ ಅಜ್ಜಿಯ ಮನೆಯ ಕಿಟಕಿ ಒರೆಸುವುದು ಮಾವನ ಭಾನುವಾರದ ಕೆಲಸ. ಅವತ್ತು ಒಂದೇ ಗಾಜನ್ನು ತಿಕ್ಕುತ್ತಲೇ ನಿಂತುಬಿಟ್ಟರು.

"ಲೋ, ಅದು ತೂತಾಗತ್ತೆ ಈಗ," ಅಂದರು ಅಜ್ಜಿ. "ಏನಾಯ್ತು ಹೇಳು."

ಮಾವ ಎಲ್ಲ ಹೇಳಿದರು. ಕೊನೆಗೆ, "ಅಮ್ಮಾ, ಮೇಸ್ತ್ರಿ ಮಾಡ್ತಿದ್ದ ಹಾಗೇ ಮಾಡಿದೆ. ಕರ್ಕೊಂಡೆ, ಒಂದು ಮಾತು ಅನ್ನಲಿಲ್ಲ. ಆದ್ರೂ ಒಳಗೆ ಕಲ್ಲು ಕಲ್ಲಾಗೇ ಇದೆ. ಅವರಿಗೆ ಸಿಟ್ಟೇ ಬರ್ತಿರಲಿಲ್ಲ. ನಾನು ಆ ಜಾತಿ ಮನುಷ್ಯ ಅಲ್ಲ ಅಂತ ಕಾಣುತ್ತೆ," ಅಂದರು. ಮಾವನ ಕಣ್ಣಲ್ಲಿ ನೀರು ನಾನು ಅದೇ ಮೊದಲು ಕಂಡದ್ದು. ಎತ್ತ ನೋಡುವುದು ಅಂತ ತಿಳಿಯದೆ ಬಕೆಟ್ಟಿನೊಳಗೆ ನೋಡಿದೆ.

ಅಜ್ಜಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರಿಗೆ, ಇವರಿಗೆ ಸಿಟ್ಟು ಬರ್ತಿರಲಿಲ್ವಾ? ಮನೆಗೆ ಬಂದ್ರೆ ಪಾತ್ರೆಗಳೆಲ್ಲ ಹೆದರೋವು! ಹಿತ್ತಲಲ್ಲಿ ನಿಂತು ದೇವರ ಹತ್ರಾನೇ ಜಗಳ ಆಡೋರು, 'ಇಂಥವರನ್ನೆಲ್ಲ ನನ್ನ ತಲೆಗೇ ಯಾಕೆ ಕಟ್ತೀಯ' ಅಂತ. ಆಡಿ ಆಡಿ ಗಂಟಲು ಕೆಟ್ಟು ಹೋಗಿತ್ತು. ಆ ಕೆಮ್ಮು ಎಲ್ಲಿಂದ ಬಂತು ಅಂದ್ಕೊಂಡೆ?"

ನಾನು ಮೆಲ್ಲನೆ ನನ್ನ ಗಂಟಲು ಮುಟ್ಟಿಕೊಂಡೆ.

"ಆಮೇಲೆ?" ಅಂದರು ಮಾವ.

"ಆಮೇಲೆ ಚಪ್ಪಲಿ ಮೆಟ್ಕೊಂಡು ನೆಟ್ಟಗೆ ಆ ಮನುಷ್ಯನ ಮನೆಗೇ ಹೋಗೋರು. ಒಬ್ರೇ. ಹೋಗಿ, 'ನೀನು ಹೀಗೆ ಮಾಡಿದ್ದು ನನಗೆ ನೋವಾಯ್ತು' ಅಂತ ಮುಖಕ್ಕೆ ಹೇಳೋರು. ಅವನು ಹೇಳೋದನ್ನೂ ಕೇಳೋರು. ನಿನ್ನ ವಿಷಯಕ್ಕೂ ಎಷ್ಟು ಸಲ ಹಿತ್ತಲಲ್ಲಿ ಕೂಗಾಡಿದಾರೋ! ಅಂಗಡೀಲಿ ನೀನು ನೋಡ್ತಿದ್ದದ್ದು ಕೂಗಾಡಿ ಮುಗಿಸಿದ ಮುಖ ಕಣೋ. ಆ ಮುಖ ಒಂದನ್ನೇ ಕಲಿತುಬಿಟ್ಟಿದೀಯ ನೀನು."

ಮಾವ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದರು. ಉಳಿದ ಕಿಟಕಿಗಳನ್ನು ನನಗೆ ಬಿಟ್ಟು ಹಿತ್ತಲಿಗೆ ಹೋದರು. ಅಲ್ಲಿಂದ ಕೂಗಾಟವೇನೂ ಕೇಳಲಿಲ್ಲ. ಹೊಸಬರಿಗೆ ಅಷ್ಟು ಸುಲಭಕ್ಕೆ ಬರುವುದಿಲ್ಲವೇನೋ. ಆದರೆ ಬಹಳ ಹೊತ್ತು ಪಿಸುಪಿಸು ಅನ್ನುತ್ತಿದ್ದರು. ವಾಪಸ್ಸು ಬಂದಾಗ ಮುಖ ಕೆಂಪಾಗಿತ್ತು.

"ನಡಿ," ಅಂದರು.

ಮೀಸೆಯಣ್ಣನ ಮನೆಯ ಮುಂದೆ ನನ್ನನ್ನು ನಿಲ್ಲಿಸಿ ಮಾವ ಒಬ್ಬರೇ ಒಳಗೆ ಹೋದರು. ಕೇಳಿಸಿಕೊಳ್ಳಬಾರದು ಅಂತ ನಾನು ನಿಜಕ್ಕೂ ದೂರ ಸರಿದೆ. ಏನು ಮಾಡಲಿ, ಗಾಜಿನ ಕೆಲಸಗಾರನ ಮನೆಯ ಕಿಟಕಿಗೇ ಗಾಜಿಲ್ಲ, ರಟ್ಟು ಸಿಕ್ಕಿಸಿದ್ದಾನೆ. ಒಳಗಿನ ಮಾತೆಲ್ಲ ಬೀದಿಗೆ ಬರುತ್ತಿತ್ತು.

"ನಂಗೆ ನಿನ್ನ ಮೇಲೆ ಸಿಟ್ಟಿದೆ," ಮಾವನ ದನಿ. "ಕ್ಷಮಿಸಿದೀನಿ ಅಂದದ್ದು ಸುಳ್ಳು. ಆ ಗಾಜನ್ನ ಎಲ್ಲರ ಮುಂದೆ ಉಗುರಲ್ಲಿ ಗೀರಿದ್ರು ಗೊತ್ತಾ? ನನ್ನ ಎದೇನೇ ಗೀರಿದ ಹಾಗಾಯ್ತು! ಯಾಕೋ ಹಾಗೆ ಹೇಳ್ದೆ? ಜೊತೇಲಿ ಉಂಡವನು ನೀನು, ಯಾಕೆ?" ಕೊನೆಯ ಮಾತಿಗೆ ಎದುರು ಮನೆಯ ನಾಯಿ ಎದ್ದು ಕೂತಿತು. ಮಾವನಿಗೆ ಅಷ್ಟು ದೊಡ್ಡ ದನಿ ಇದೆ ಅಂತ ನನಗಾಗಲಿ ನಾಯಿಗಾಗಲಿ ಗೊತ್ತಿರಲಿಲ್ಲ.

ಆಮೇಲೆ ಮೀಸೆಯಣ್ಣ, ಅಳುತ್ತಾ, "ಆ ಅಂಗಡಿಯವರು ಕೇಳಿದ್ರು ಅಣ್ಣ, ಅಲ್ಲಿಂದ ಯಾಕೆ ಬಿಟ್ಟೆ ಅಂತ. ನಿಜ ಹೇಳೋಕೆ ನಾಚಿಕೆ ಆಯ್ತು. ಬಾಯಿಗೆ ಬಂದದ್ದು ಹೇಳ್ದೆ. ಒಂದು ಸಲ ಹೇಳಿದ ಮೇಲೆ ವಾಪಸ್ ತಗೊಳ್ಳೋಕೆ ಧೈರ್ಯ ಬರಲಿಲ್ಲ."

"ನಿಜ ಏನು?"

"ಕೊಯ್ಯೋ ಮೇಜು ನನ್ನದಾಗಿತ್ತು. ಒಂದು ದಿನ ಬಂದು ನೋಡ್ತೀನಿ, ನಿಮ್ಮ ಅಳಿಯ ಅಲ್ಲಿ ನಿಂತಿದಾನೆ. ನೀವು ಒಂದು ಮಾತು ಹೇಳಲಿಲ್ಲ. ನನ್ನ ಕೈಗೆ ಪುಟ್ಟಿ ಡಬ್ಬ ಕೊಟ್ರಿ. ಗಾಜಿನ ಅಂಚಿಗೆ ಪುಟ್ಟಿ ಮೆತ್ತೋ ಕೆಲಸ, ಈ ವಯಸ್ಸಲ್ಲಿ! ಆ ಹುಡುಗ ಕಟರಲ್ಲಿ ಎಳೆಯೋ ಗೆರೆ ನೋಡಿದೀರಾ ಅಣ್ಣ? ಹಾವು ಹರಿದ ಹಾಗಿರುತ್ತೆ."

ಹೊರಗೆ ನಿಂತ ನನಗೆ ಕಿವಿ ಬಿಸಿಯಾಯಿತು. ಮಾವ ನನ್ನ ಪರವಾಗಿ ಏನಾದರೂ ಹೇಳುತ್ತಾರೆ ಅಂತ ಕಾದೆ.

"ಹೌದು, ಹಾವೇ," ಅಂದರು ಮಾವ. ಸ್ವಲ್ಪ ಬಿಟ್ಟು, ಮೆತ್ತಗೆ, "ನಿನ್ನ ಹತ್ರ ಒಂದು ಮಾತು ಕೇಳಬೇಕಿತ್ತು ನಾನು. ಕೇಳೋದೇ ಹೊಳೀಲಿಲ್ಲ. ತಪ್ಪಾಯ್ತು ಕಣೋ," ಅಂದರು.

ಇಬ್ಬರೂ ಪ್ರಾರ್ಥನೆ ಮಾಡಿದರು. ಯಾರೂ ಕೆಮ್ಮಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮೀಸೆಯಣ್ಣ ಕ್ಷೌರದಂಗಡಿಯ ಹೊಸ ಕನ್ನಡಿಗೆ ಅಳತೆ ಗುರುತು ಹಾಕುತ್ತಿದ್ದ, ನನ್ನ ಮೇಜಿನ ಮೇಲೆ. ಮೇಜಿನ ಕೊನೆಯಲ್ಲಿ ಪುಟ್ಟಿ ಡಬ್ಬ ನನ್ನ ಕಡೆಗೆ ಮುಖ ಮಾಡಿ ಕೂತಿತ್ತು. ಯಾರೂ ನನಗೆ ಏನೂ ಹೇಳಿರಲಿಲ್ಲ. ಜಗತ್ತಿನ ಎರಡು ಹೃದಯಗಳು ಒಂದಾಗಿದ್ದವು, ಸಂತೋಷ. ಖರ್ಚು ಮಾತ್ರ ನನ್ನ ತಲೆಗೆ ಬಂದಿತ್ತು.

ಮಧ್ಯಾಹ್ನದವರೆಗೂ ಪುಟ್ಟಿ ಮೆತ್ತಿದೆ. ಮಾವ ಚಹಾ ಕೊಟ್ಟರು, ಕುಡಿದೆ. ಚೆನ್ನಾಗಿದೀಯಾ ಅಂದರು, ಚೆನ್ನಾಗಿದೀನಿ ಅಂದೆ, ಕಿಟಕಿಯ ಚೌಕಟ್ಟಿಗೆ. ಆಮೇಲೆ ತಡೆಯಲಾಗಲಿಲ್ಲ. ಡಬ್ಬ ಕೆಳಗಿಟ್ಟು, ಕೈ ಒರೆಸಿಕೊಂಡು ಅವರ ಮುಂದೆ ಹೋಗಿ ನಿಂತೆ.

"ಮಾವ, ನಂಗೆ ನಿಮ್ಮ ಮೇಲೆ ಸಿಟ್ಟಿದೆ," ಅಂದೆ. ಗಟ್ಟಿಯಾಗಿ ಹೇಳಬೇಕು ಅಂದುಕೊಂಡಿದ್ದೆ, ಬಂದದ್ದು ಬೆಕ್ಕಿನ ಮರಿಯ ದನಿ.

ಮೇಜಿನಿಂದ ಮೀಸೆಯಣ್ಣ ತಲೆ ಎತ್ತಿದ. "ಜೋರಾಗಿ ಹೇಳೋ, ಅಣ್ಣನಿಗೆ ಈಗ ಜೋರು ಅಭ್ಯಾಸ ಆಗಿದೆ!"

ಮಾವ ನಗಲಿಲ್ಲ. ಕೈಯಲ್ಲಿದ್ದ ಅಳತೆ ಕೋಲು ಪಕ್ಕಕ್ಕಿಟ್ಟರು. ಎರಡು ಸ್ಟೂಲು ಎಳೆದು ಎದುರುಬದುರು ಹಾಕಿ, ಒಂದರಲ್ಲಿ ತಾವು ಕೂತು, ನನ್ನ ಮುಖವನ್ನೇ ನೋಡುತ್ತಾ, "ಕೂತ್ಕೋ. ಪೂರ್ತಿ ಹೇಳು," ಅಂದರು.