ಬಿರುಕು ಮುಚ್ಚಲು ಖಾನಾಪುರಕ್ಕೆ ಹೋದದ್ದು

ಬೆಳಗಾವಿಯ ಟಿಳಕವಾಡಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದರಲ್ಲಿ ನಾವು ಒಂದಿಷ್ಟು ಜನ ಭಾನುವಾರಕ್ಕೊಮ್ಮೆ ಸೇರಿ ಜಗತ್ತನ್ನು ಬದಲಾಯಿಸುತ್ತೇವೆ. ವಿಮಾ ಕಚೇರಿಯ ನೌಕರನಾದ ನನಗೆ ಉಳಿದ ದಿನ ಅದಕ್ಕೆ ಬಿಡುವಾಗುವುದಿಲ್ಲ. ಈ ಕೂಟದ ಗುರುಗಳು ನಿವೃತ್ತ ಅರ್ಥಶಾಸ್ತ್ರ ಪ್ರಾಧ್ಯಾಪಕರು. ಸಮಾಜವಾದದ ಬಗ್ಗೆ ಅವರಿಗೆ ತಿಳಿಯದ್ದಿಲ್ಲ. ಸಮಾಜದ ಬಗ್ಗೆ ಮಾತ್ರ ಕೇಳಬಾರದು.

ಖಾನಾಪುರದಿಂದ ಬರುವ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಹಿಂದೊಮ್ಮೆ ಕೇಳಿದ್ದರು, ಕಣಕುಂಬಿಯ ಕಾಡು, ಹೊಳೆಗಳ ಬಗ್ಗೆ ನಮ್ಮ ಸಿದ್ಧಾಂತ ಏನು ಹೇಳುತ್ತದೆ ಎಂದು. ಅದೆಲ್ಲ ಹೊಟ್ಟೆ ತುಂಬಿದವರ ಹವ್ಯಾಸ, ಮೊದಲು ಕ್ರಾಂತಿಯಾಗಲಿ, ಗಿಡಮರಗಳು ಆಮೇಲೆ ತಾವಾಗಿಯೇ ಬೆಳೆಯುತ್ತವೆ ಎಂದು ಗುರುಗಳು ಸಮಾಧಾನ ಹೇಳಿದ್ದರು.

ಹೋದ ವರ್ಷ ಅವರಿಗೆ ಹೊರದೇಶದ ದಪ್ಪ ಪುಸ್ತಕವೊಂದು ಸಿಕ್ಕಿತು. ಅದರ ಪ್ರಕಾರ ಸಮಾಜವಾದದ ಗಡ್ಡದ ಮೂಲಪುರುಷರೇ ಮಣ್ಣಿಗಾಗಿ ಮರುಗಿದ್ದರಂತೆ. ಹಳ್ಳಿಯ ಮಣ್ಣಿನ ಸತ್ವ ಕಾಳಾಗಿ ಪಟ್ಟಣಕ್ಕೆ ಹೋಗುತ್ತದೆ, ಪಟ್ಟಣ ಅದನ್ನು ಉಂಡು ಗಟಾರಕ್ಕೆ ಬಿಡುತ್ತದೆ, ಮಣ್ಣಿಗೆ ಏನೂ ಮರಳುವುದಿಲ್ಲ. ಇದರ ಹೆಸರು ‘ಚಯಾಪಚಯದ ಬಿರುಕು’ ಎಂದು ಗುರುಗಳು ಆ ಶಿಕ್ಷಕಿಯ ಕಡೆಗೇ ತಿರುಗಿ, ಪಾಪ, ಇವರಿಗೆ ಹೊಸ ವಿಷಯ ಎಂಬಂತೆ ಬಿಡಿಸಿ ಹೇಳಿದರು.

ಹಾಗಿದ್ದರೆ ಸೋವಿಯತ್ ದೇಶದಲ್ಲಿ ಹತ್ತಿ ಬೆಳೆಯಲು ನದಿಗಳನ್ನು ತಿರುಗಿಸಿ ಸಮುದ್ರವನ್ನೇ ಬತ್ತಿಸಿದರಲ್ಲ ಎಂದು ಆಕೆ ಕೇಳಿದರು. ಅದು ಯೋಜನೆಯ ತಪ್ಪು, ತತ್ವದ ತಪ್ಪಲ್ಲ ಎಂದರು ಗುರುಗಳು. ಆ ಬತ್ತಿದ ಸಮುದ್ರದ ಮರಳಿನ ಮೇಲೆ ನಿಂತ ಹಡಗುಗಳಿಗೆ ಇದರಿಂದ ಎಷ್ಟು ನೆಮ್ಮದಿಯಾಯಿತೋ ತಿಳಿಯದು.

“ಸರ್, ಬರೇ ಮಾತಿನಾಗ ಬಿರುಕು ಮುಚ್ಚಂಗಿಲ್ರಿ,” ಎಂದರು ಶಿಕ್ಷಕಿ. “ನಿಮ್ಮ ಮನಿ ಕಸಾನ ನಮ್ಮ ಗದ್ದಿಗೆ ತರ್ರಿ.”

ಕೂಟದ ಇತಿಹಾಸದಲ್ಲಿ ಮೊದಲ ಸಲ ಏನನ್ನಾದರೂ ಮಾಡಬೇಕೆಂಬ ನಿರ್ಣಯ ಪಾಸಾಯಿತು. ಎಲ್ಲರ ಅಡುಗೆಮನೆಯ ಸಿಪ್ಪೆ, ಮುಸುರೆ ಬಕೆಟ್‌ಗಳಲ್ಲಿ ತುಂಬಿ ಗುರುಗಳ ಕಾರಿನ ಡಿಕ್ಕಿ ಸೇರಿತು. ಜನಸಾಮಾನ್ಯರು ಸ್ವಲ್ಪ ಕೆಳಗೆ ಕಾಣುವಷ್ಟು ಎತ್ತರದ ಹೊಸ ಗಾಡಿ ಅದು. ಪೀರನವಾಡಿ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು. ಗುರುಗಳು ಬ್ರೇಕ್ ಒತ್ತಿದರು, ಹಿಂದೆ ಬಕೆಟ್ ಉರುಳಿತು. ಬಿರುಕಿನ ಮೇಲಿನ ಉಪನ್ಯಾಸ ಅಲ್ಲಿಗೆ ನಿಂತು, ಉಳಿದ ದಾರಿಯನ್ನು ನಾವು ಕಿಟಕಿಯಾಚೆ ಮೂಗಿಟ್ಟುಕೊಂಡು ಕ್ರಮಿಸಿದೆವು.

ಗದ್ದೆಯ ಬದುವಿನಲ್ಲಿ ಶಿಕ್ಷಕಿಯ ಅತ್ತೆ ಕಾಯುತ್ತಿದ್ದರು. ಕಸ ಸುರಿದಾಗ ಸಿಪ್ಪೆಯ ಜತೆ ಹಾಲಿನ ಪಾಕೀಟು, ಹಲ್ಲುಜ್ಜುವ ಬ್ರಷ್, ಬಿ.ಪಿ. ಗುಳಿಗೆಯ ಹಾಳೆ ಎಲ್ಲ ಹೊರಬಿದ್ದವು. ಎಲ್ಲರೂ ಕುಕ್ಕರಗಾಲಲ್ಲಿ ಕೂತು ಆರಿಸತೊಡಗಿದೆವು. ಗುರುಗಳೂ ಪ್ಯಾಂಟು ಮಡಚಿ ಕೂತರು. ಅವರನ್ನು ಕೆಲಹೊತ್ತು ಗಮನಿಸಿದ ಆ ಅತ್ತೆ ಸೊಸೆಯನ್ನು ಮೆಲ್ಲಗೆ ಮರಾಠಿಯಲ್ಲಿ ಏನೋ ಕೇಳಿದರು. ಸೊಸೆ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಪಾಲಿಕೆಯವರು ಇಷ್ಟು ವಯಸ್ಸಾದವರನ್ನೂ ಕಸದ ಕೆಲಸಕ್ಕೆ ಕಳಿಸುತ್ತಾರೆಯೇ ಎಂಬುದು ಪ್ರಶ್ನೆಯಾಗಿತ್ತೆಂದು ಆಮೇಲೆ ತಿಳಿಯಿತು.

ಹುರುಳಿ ಸಾರಿನ ಊಟ ಮುಗಿಸಿ ಹೊರಟಾಗ ಅತ್ತೆ ಖಾಲಿ ಡಿಕ್ಕಿ ನೋಡಿ ಸುಮ್ಮನಿರಲಿಲ್ಲ. ಬರಿಗೈಲಿ ಕಳಿಸುವುದು ಅವರ ಮನೆಯ ರೀತಿಯಲ್ಲವಂತೆ. ಹೊಸ ಅಕ್ಕಿಯ ಚೀಲವೊಂದನ್ನು ಇಡಿಸಿಯೇಬಿಟ್ಟರು.

ಗಾಡಿ ದೇಸೂರು ಹತ್ತಿರ ಬಂದಾಗ ಗುರುಗಳು, “ತಂದದ್ದಕ್ಕಿಂತ ಒಯ್ಯೂದು ಹೆಚ್ಚಾತಲ್ಲೋ,” ಎಂದರು.

ಬೇಕಾದರೆ ತಿರುಗಿ ಹೋಗಿ ಕೊಟ್ಟು ಬರೋಣ ಎಂದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, ಅಕ್ಕಿ ಘಮಘಮ ಅಂತದ ನೋಡು ಎಂದರು. ಸಿದ್ಧಾಂತಕ್ಕೆ ಧಕ್ಕೆಯಾಗದಂತೆ ಎಲ್ಲರೂ ಸಮನಾಗಿ ಹಂಚಿಕೊಂಡೆವು.

ಮತ್ತೆ ಯಾರೂ ಬಕೆಟ್ ಹೊತ್ತು ಖಾನಾಪುರಕ್ಕೆ ಹೋಗಲಿಲ್ಲ. ಆದರೆ ಗುರುಗಳು ತಮ್ಮ ಮಾಳಿಗೆಯ ಮೇಲೆ ಗೊಬ್ಬರದ ಡ್ರಮ್ಮು ಇಟ್ಟಿದ್ದಾರೆ. ಮೊನ್ನೆ ಶಿಕ್ಷಕಿಗೆ ಫೋನು ಮಾಡಿ, ಅದರಲ್ಲಿ ಹುಳುಗಳು ಕಾಣಿಸಿಕೊಂಡಿವೆ, ಇದು ಸರಿಯೇ ಎಂದು ವಿಚಾರಿಸಿದರಂತೆ. ವಿಚಾರಿಸಿ, ತಾವೇ ಉತ್ತರ ಹೇಳದೆ ಆಕೆಯ ಉತ್ತರಕ್ಕೆ ಕಾದರಂತೆ. ಆಕೆ ಇದನ್ನು ಹೇಳಿದಾಗ ಕೂಟದಲ್ಲಿ ಒಬ್ಬರೂ ನಂಬಲಿಲ್ಲ.